ಆದಮಗಢದ ಕಪ್ಪು ಸ್ತರ ಮತ್ತು ಪಶುಪಾಲನೆಯ ಪ್ರಾಚೀನತೆ

ನರ್ಮದಾ ತೀರದ ಹೋಶಂಗಾಬಾದು (ಈಗಿನ ನರ್ಮದಾಪುರಂ) ಪಟ್ಟಣದ ಸಮೀಪದಲ್ಲಿರುವ ಆದಮಗಢದ ಶಿಲಾಶ್ರಯಗಳನ್ನು ಆರ್. ವಿ. ಜೋಶಿ ಮತ್ತು ಎಂ. ಡಿ. ಖರೆ ಅವರು 1960-61ರಲ್ಲಿ ಉತ್ಖನನ ಮಾಡಿದರು. ಜೋಶಿಯವರ ವಿಸ್ತೃತ ವರದಿಯು 1978ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟವಾಯಿತು. ಕೆಳಗಿನ ಸ್ತರಗಳಲ್ಲಿ ಹಳೆಯ ಶಿಲಾಯುಗದ ಉಪಕರಣಗಳೂ, ಮೇಲಿನ ಕಪ್ಪು ಮಣ್ಣಿನಲ್ಲಿ ಮಧ್ಯಶಿಲಾಯುಗದ ಬೇಟೆಗಾರರು ಬಿಟ್ಟುಹೋದ ಸುಮಾರು 25,000 ಸೂಕ್ಷ್ಮಶಿಲಾಯುಧಗಳೂ ದೊರೆತವು. ಈ ಶ್ರಮದ ಮಹತ್ತ್ವವನ್ನು ಯಾರೂ ಅಲ್ಲಗಳೆಯಲಾರರು.

ನಾವು ವಿಚಾರಿಸತಕ್ಕದ್ದು ಬೇರೊಂದು ಸಂಗತಿ. ಕಪ್ಪು ಮಣ್ಣಿನಲ್ಲಿ ಕಡವೆ, ಚುಕ್ಕೆ ಜಿಂಕೆ, ಮೊಲ, ಮುಳ್ಳುಹಂದಿ, ಉಡ ಇವುಗಳ ಮೂಳೆಗಳೊಡನೆ ದನ, ಎಮ್ಮೆ, ಆಡು, ಕುರಿ, ಹಂದಿ, ನಾಯಿ ಇವುಗಳ ಮೂಳೆಗಳೂ ಸಿಕ್ಕಿವೆ. ಅದೇ ಮಣ್ಣಿನ ಚಿಪ್ಪುಗಳ ರೇಡಿಯೋ ಕಾರ್ಬನ್ ಪರೀಕ್ಷೆಯಿಂದ ಸುಮಾರು ಕ್ರಿ.ಪೂ. 5500 ಎಂಬ ಕಾಲ ಬಂದಿತು. ಇವೆರಡನ್ನೂ ಕೂಡಿಸಿ, ಭಾರತದಲ್ಲಿ ಪಶುಪಾಲನೆಗೆ ಅತಿ ಪ್ರಾಚೀನವಾದ ಸಾಕ್ಷ್ಯ ಆದಮಗಢದ್ದೆಂದು ಪಠ್ಯಪುಸ್ತಕಗಳು ಬಹುಕಾಲ ಹೇಳಿಕೊಂಡು ಬಂದಿವೆ. ಇಷ್ಟು ಭಾರವನ್ನು ಹಿಡಿಯಷ್ಟು ಚಿಪ್ಪುಗಳು ಹೊರಬಲ್ಲವೆ?

ಹೊರಲಾರವೆಂದೇ ನಮ್ಮ ಅಭಿಪ್ರಾಯ. ಮೊದಲನೆಯದಾಗಿ, ಪರೀಕ್ಷೆಗೊಳಗಾದದ್ದು ಚಿಪ್ಪೇ ಹೊರತು ಸಾಕುಪ್ರಾಣಿಯ ಮೂಳೆಯಲ್ಲ. ಸಿಹಿನೀರಿನ ಜೀವಿಗಳು ಸುಣ್ಣಕಲ್ಲಿನ ಹಳೆಯ ಇಂಗಾಲವನ್ನು ನೀರಿನ ಮೂಲಕ ಹೀರಿಕೊಂಡಲ್ಲಿ ಅವುಗಳ ಚಿಪ್ಪು ತನ್ನ ನಿಜವಾದ ವಯಸ್ಸಿಗಿಂತ ಮುದಿಯಾಗಿ ಕಾಣಿಸಿಕೊಳ್ಳುತ್ತದೆ. ಮೇಲಾಗಿ ಆ ಕಪ್ಪು ಸ್ತರದ ದಪ್ಪ 50ರಿಂದ 150 ಸೆಂಟಿಮೀಟರು ಮಾತ್ರ. ಸಹಸ್ರಾರು ವರ್ಷಗಳ ವಾಸ್ತವ್ಯವು ಅಷ್ಟರಲ್ಲೇ ಅಡಗಿದ್ದೀತು. ನಮ್ಮ ಬಯಲುಸೀಮೆಯ ಎರೆಭೂಮಿ ಬೇಸಿಗೆಯಲ್ಲಿ ಹೇಗೆ ಬಿರಿಯುತ್ತದೆಂಬುದನ್ನು ಕಂಡವರಿಗೆ, ಬೆರಳುಗುರಿನಷ್ಟು ಗಾತ್ರದ ಶಿಲಾಯುಧವೊಂದು ಕಪ್ಪು ಮಣ್ಣಿನಲ್ಲಿ ಕೆಳಗಿಳಿಯುವುದು ಎಷ್ಟು ಸುಲಭವೆಂದು ಹೇಳಬೇಕಾಗಿಲ್ಲ. ಇಲಿ, ಮುಳ್ಳುಹಂದಿಗಳ ಬಿಲಗಳ ಕಥೆ ಬೇರೆ. ಇಂಥ ಕಡೆ ಆಳವನ್ನೇ ಕಾಲವೆಂದು ತಿಳಿಯುವುದು ಸಾಧುವಲ್ಲ.

ಮಡಕೆಯ ಚೂರುಗಳ ವಿಚಾರವೂ ಇದೆ. ಮಧ್ಯಭಾರತದ ಬೇಟೆಗಾರರು ಬಯಲಿನ ಕೃಷಿಕರೊಡನೆ ಬಹುಕಾಲ ನೆರೆಹೊರೆಯಾಗಿ ಬಾಳಿದರು. ಭೀಮಬೇಟ್ಕೆಯಲ್ಲಿ ಮಧ್ಯಶಿಲಾಯುಗದ ನಿಕ್ಷೇಪದ ಮೇಲ್ಭಾಗದಲ್ಲಿ ಮಡಕೆಗಳು ಕಾಣಿಸಿಕೊಳ್ಳುತ್ತವೆ. ರಾಜಸ್ಥಾನದ ಬಾಗೋರಿನ ಎರಡನೆಯ ಘಟ್ಟದಲ್ಲಿ ಸೂಕ್ಷ್ಮಶಿಲಾಯುಧಗಳ ಜೊತೆಗೇ ತಾಮ್ರದ ಬಾಣದ ಮೊನೆಗಳಿವೆ. ಹೀಗಿರುವಾಗ ಆದಮಗಢದ ದನಕುರಿಗಳು ಕೃಷಿಕರಿಂದ ಕೊಂಡವೋ, ಕದ್ದವೋ, ತಾವೇ ಸಾಕಿದವೋ ಎಂಬುದು ಬಗೆಹರಿಯದ ಪ್ರಶ್ನೆ. ಶಿಲಾಯುಧದ ಪಕ್ಕದಲ್ಲಿ ಮೂಳೆ ಬಿದ್ದಿತ್ತೆಂಬ ಮಾತ್ರಕ್ಕೆ ಅದು ಅಷ್ಟೇ ಹಳೆಯದಾಗಲಾರದು.

ಆ ಪ್ರಾಚೀನತೆ ಅಸಂಭವವೆಂದು ನಾವು ಹೇಳುವುದಿಲ್ಲ. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಕ್ರಿ.ಪೂ. 7000ದ ಸುಮಾರಿಗೇ ಆಡುಗಳನ್ನು ಸಾಕುತ್ತಿದ್ದರು. ಆದರೆ ಅಲ್ಲಿ ಮನೆ, ಧಾನ್ಯ, ಸಮಾಧಿಗಳು ಒಂದನ್ನೊಂದು ಸಮರ್ಥಿಸುತ್ತವೆ. ಇಲ್ಲಿ ಚಿಪ್ಪಿಗೆ ಆಸರೆಯಿಲ್ಲ.

1973ರಿಂದ ವಿ. ಎನ್. ಮಿಶ್ರ ಅವರು ಭೀಮಬೇಟ್ಕೆಯ ಶಿಲಾಶ್ರಯವೊಂದರಲ್ಲಿ ನಡೆಸಿದ ಕೆಲಸವನ್ನು ಇದರೊಡನೆ ಹೋಲಿಸಬಹುದು. ಅಲ್ಲಿ ಆಳದಲ್ಲಿ ಹಾಸುಗಲ್ಲಿನ ನೆಲಗಳು ದೊರೆತಿವೆ. ಮೇಲೆ ಮಧ್ಯಶಿಲಾಯುಗ ಬರುತ್ತಲೇ ಬೆಣಚುಶಿಲೆಯ ಬದಲು ಕ್ಯಾಲ್ಸೆಡನಿ ಮುಂದಾಗುತ್ತದೆ. ಕಲ್ಲಿನ ಜಾತಿಯೇ ಬದಲಾದಲ್ಲಿ ಸ್ತರಭೇದವನ್ನು ಕಣ್ಣು ತಪ್ಪಿಸಿಕೊಳ್ಳದು. ಆದಮಗಢದ ಮೂಳೆಗಳಿಗೆ ಅಂಥ ಗುರುತು ಬೇಕಾದರೆ ಒಂದೊಂದು ಮೂಳೆಯ ಕಾಲವನ್ನೂ ನೇರವಾಗಿ ಅಳೆಯಬೇಕು. ಈಗ ಚೂರು ಮೂಳೆಯೂ ಇದಕ್ಕೆ ಸಾಕು, ಬಿಸಿಲುನಾಡಿನ ಮಣ್ಣು ಅದರಲ್ಲಿ ಕೊಲಾಜೆನ್ನನ್ನು ಉಳಿಸಿದ್ದಲ್ಲಿ.