ಗುಲಾಬಿಯ ಸಿಂಹಾವಲೋಕನ

ಮುಧೋಳದ ಕವಿ ರನ್ನ ತನ್ನ ‘ಗದಾಯುದ್ಧ’ ಕಾವ್ಯದಲ್ಲಿ ಕೊನೆಯ ಕಾಳಗದ ನೆಲದಲ್ಲಿ ನಿಂತು, ಹಿಂದಿರುಗಿ ನೋಡುತ್ತಲೇ ಇಡೀ ಮಹಾಭಾರತವನ್ನು ಹೇಳಿ ಮುಗಿಸಿದ. ಅವನೂರಿನ ಅಂಗಳದ ಗುಲಾಬಿಯನ್ನು ಸವಿಯಲಿಕ್ಕೂ ಇದೇ ಸಿಂಹಾವಲೋಕನ ಕ್ರಮ ಒಪ್ಪುತ್ತದೆ. ಹೂವಿನಿಂದ ಹೊರಟು ಮಣ್ಣಿನವರೆಗೆ ಹಿಂದಕ್ಕೆ ನೋಡುತ್ತ ಹೋಗಿ.

ಹೂವು: ಮೊದಲು ಜಾತಿ ಗುರುತಿಸಿ. ಹೈಬ್ರಿಡ್ ಟೀ ವರ್ಗದಲ್ಲಿ ಸಾಮಾನ್ಯವಾಗಿ ಕಡ್ಡಿಗೊಂದು ದೊಡ್ಡ ಹೂ. 1867ರ ಫ್ರೆಂಚ್ ತಳಿ ‘ಲಾ ಫ್ರಾನ್ಸ್’ ಇವುಗಳಲ್ಲಿ ಮೊದಲನೆಯದೆಂದು ಎಣಿಕೆ. ಈ ವರ್ಗದ ಹೂವನ್ನು ಅರ್ಧ ಅರಳಿದಾಗಲೇ ನೋಡಬೇಕು. ನಡುವಿನ ಎಸಳುಗಳು ಮೊನೆಯಾಗಿ ಎದ್ದು, ಹೊರಗಿನವು ಸುತ್ತಲೂ ಸಮನಾಗಿ ಹಿಂದಕ್ಕೆ ಬಾಗಿದ್ದರೆ ಅದು ಚೆಲುವು. ಫ್ಲೋರಿಬಂಡಾದಲ್ಲಿ ಗೊಂಚಲಿನ ತುಂಬು ನೋಟ ಮುಖ್ಯ. ಪನ್ನೀರು ಗುಲಾಬಿಯ ಆಕಾರ ಸಡಿಲ, ಬೆಲೆಯೆಲ್ಲ ಘಮಕ್ಕೆ.

ಘಮ: ಬಿಸಿಲೇರುವ ಮೊದಲೇ ಮೂಸಿ, ಮಧ್ಯಾಹ್ನದ ಹೊತ್ತಿಗೆ ಅರ್ಧ ಹಾರಿಹೋಗಿರುತ್ತದೆ. ಅಂಗಡಿಯ ಉದ್ದ ಕಡ್ಡಿಯ ಗುಲಾಬಿಗಳಲ್ಲಿ ಅನೇಕಕ್ಕೆ ವಾಸನೆಯೇ ಇಲ್ಲ. ಬಾಳಿಕೆ ನೋಡಿ ಆರಿಸಿದ ತಳಿಗಳವು.

ಎಲೆ: ಚಿಗುರೆಲೆಯ ನರ ಹಸಿರಾಗಿದ್ದು ಉಳಿದದ್ದು ಹಳದಿಯಾಗಿದ್ದರೆ, ಸುಣ್ಣದಂಶದ ಎರೆಮಣ್ಣಿನಲ್ಲಿ ಬೇರಿಗೆ ಕಬ್ಬಿಣ ದಕ್ಕುತ್ತಿಲ್ಲ ಎಂದು ತಿಳಿಯಿರಿ. ಕರಿಚುಕ್ಕೆ ಕಂಡರೆ ಎಲೆ ಬಹಳ ಹೊತ್ತು ಒದ್ದೆಯಾಗಿರುತ್ತಿದೆ. ನೀರು ಬುಡಕ್ಕೆ ಹಾಕಿ, ಅದೂ ಮುಂಜಾನೆ.

ಬುಡ: ನರ್ಸರಿಯ ಗಿಡಗಳು ಹೆಚ್ಚಾಗಿ ಕಣ್ಣುಕಸಿಯವು. ಕಸಿಯ ಗಂಟಿನ ಕೆಳಗೆ ಹೊರಟ ಚಿಗುರು ನೀವು ತಂದ ತಳಿಯದಲ್ಲ, ಕಸಿಗೆ ಆಸರೆಯಾದ ಕಾಡು ಗಿಡದ್ದು. ಅದು ದಷ್ಟಪುಷ್ಟವಾಗಿದೆಯೆಂದು ಮರುಳಾದರೆ ಮೇಲಿನ ಗಿಡ ಸೊರಗುತ್ತದೆ. ಹುಟ್ಟಿದ ಕಡೆಯೇ ಕಿತ್ತುಬಿಡಿ.

ಮಣ್ಣು: ಇಲ್ಲಿನ ಘಟಪ್ರಭಾ ನದಿಯ ದಂಡೆಯ ಎರೆಭೂಮಿ ಕಬ್ಬಿಗೆ ಒಗ್ಗಿದ್ದು. ಅದು ನೀರು ಹಿಡಿದಿಡುತ್ತದೆ. ಆದರೆ ಗುಲಾಬಿಯ ಬೇರು ನಿಂತ ನೀರಿನಲ್ಲಿ ಕೊಳೆಯುತ್ತದೆ. ಆರು ತಾಸು ಬಿಸಿಲು ಬೀಳುವಲ್ಲಿ ಒಂದೂವರೆ ಅಡಿ ಗುಂಡಿ ತೆಗೆದು, ಮಸಾರಿ ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ತುಂಬಿ. ಮಡಿಯನ್ನು ನೆಲಕ್ಕಿಂತ ತುಸು ಎತ್ತರಿಸಿ, ಕಸಿಯ ಗಂಟು ಮಣ್ಣಿನ ಮೇಲೇ ಇರುವಂತೆ ನೆಡಿ.

ಕಾಲ: ಮಳೆ ಹಿಂದಾದ ಮೇಲೆ, ದಸರೆಯ ಆಸುಪಾಸಿನಲ್ಲಿ, ಒಣಗಿದ, ಸಣಕಲು ಕಡ್ಡಿ ತೆಗೆದು, ಉಳಿದವನ್ನು ಹೊರಮುಖದ ಕಣ್ಣಿನ ತುಸು ಮೇಲೆ ಓರೆಯಾಗಿ ಕತ್ತರಿಸಿ. ದ್ರಾಕ್ಷಿ ಬೆಳೆಗಾರರ ಬಾಯಲ್ಲಿ ಈ ಸವರುವಿಕೆಯೇ ಚಾಟ್ನಿ. ಆರೇಳು ವಾರಕ್ಕೆ ಹೂವು ಬರುತ್ತದೆ. ಚಳಿಯಲ್ಲಿ ಮೊಗ್ಗು ನಿಧಾನವಾಗಿ ಬಿಚ್ಚುವುದರಿಂದ ಹೂವು ದೊಡ್ಡದು, ಬಣ್ಣ ಗಾಢ. ಏಪ್ರಿಲ್ ಬಿಸಿಲಿಗೆ ಅದೇ ಗಿಡ ಸಣ್ಣ, ಪೇಲವ ಹೂ ಬಿಟ್ಟು ಬೇಗ ಉದುರಿಸುತ್ತದೆ. ಹಾಗೆಂದು ತಳಿಯನ್ನು ಹಳಿಯಬೇಡಿ. ಗಿಡದ ಯೋಗ್ಯತೆಯ ತೀರ್ಪನ್ನು ಡಿಸೆಂಬರಿಗೆ ಬಿಡಿ.