ಹೆಗ್ಗಣವೋ, ಹಿತ್ತಲ ಗಿಡವೋ

1987ರ ಬೇಸಿಗೆಯಲ್ಲಿ ನ್ಯೂಯಾರ್ಕ್ ರಾಜ್ಯದ ಗ್ಲೆನ್ಸ್ ಫಾಲ್ಸ್ ಎಂಬ ಸಣ್ಣ ಊರಿನ ಬೇಸ್‌ಬಾಲ್ ತಂಡಕ್ಕೆ ಇಪ್ಪತ್ತು ವರ್ಷದ ಹುಡುಗನೊಬ್ಬ ಚೆಂಡೆಸೆಯುತ್ತಿದ್ದ. ನಾಲ್ಕು ಪಂದ್ಯ ಗೆದ್ದು ಹತ್ತು ಸೋತಿದ್ದ. ಒಂಬತ್ತು ಇನಿಂಗ್ಸಿಗೆ ಸರಾಸರಿ 5.68 ರನ್ ಬಿಟ್ಟುಕೊಟ್ಟಿದ್ದ. ಡೆಟ್ರಾಯಿಟ್ ಮಗ್ಗುಲಿನ ವಾರೆನ್‌ನಲ್ಲಿ ಹುಟ್ಟಿ, ಅದೇ ಮಿಶಿಗನ್ ರಾಜ್ಯದ ಲ್ಯಾನ್ಸಿಂಗ್‌ನಲ್ಲಿ ಬೆಳೆದ ಅವನಿಗೆ ಡೆಟ್ರಾಯಿಟ್ ಟೈಗರ್ಸ್ ಅಂದರೆ ಮನೆದೇವರು. ಗ್ಲೆನ್ಸ್ ಫಾಲ್ಸ್ ಆ ಟೈಗರ್ಸ್‌ನದೇ ಕೆಳಹಂತದ ತಂಡ. ಆಗಸ್ಟ್ 12ರಂದು ಮನೆದೇವರು ಅವನನ್ನು ಅಟ್ಲಾಂಟಾ ಬ್ರೇವ್ಸ್‌ಗೆ ಕೊಟ್ಟು, ಬದಲಿಗೆ ಡಾಯ್ಲ್ ಅಲೆಕ್ಸಾಂಡರ್ ಎಂಬ ಮೂವತ್ತಾರು ವರ್ಷದ ಪಿಚರ್‌ನನ್ನು ತರಿಸಿಕೊಂಡಿತು. ಹುಡುಗನ ಹೆಸರು ಜಾನ್ ಸ್ಮೋಲ್ಟ್ಸ್.

ಬೆಳೆಯುವ ಹುಡುಗರನ್ನು ಕೊಟ್ಟು ಬೆಳೆದವರನ್ನು ತರಬೇಕೇ ಬೇಡವೇ ಎಂಬ ಜಗಳ ಅಮೆರಿಕದ ಮೇಜರ್ ಲೀಗ್‌ನಲ್ಲಿ ಎದ್ದಾಗಲೆಲ್ಲ ಯಾರಾದರೂ ಈ ಕಥೆ ತೆಗೆಯುತ್ತಾರೆ. ಪ್ರತಿ ವರ್ಷ ಟ್ರೇಡ್ ಗಡುವು ಹತ್ತಿರ ಬಂದಂತೆ 30 ತಂಡಗಳ ಅಭಿಮಾನಿಗಳೂ ಎರಡು ಪಂಗಡವಾಗುತ್ತಾರೆ. ಅವರ ವಾದ ಕೇಳುವಾಗ ನನಗೆ ನಮ್ಮ ಎರಡು ಗಾದೆ ನೆನಪಾಗುತ್ತವೆ: ಹೆತ್ತವರಿಗೆ ಹೆಗ್ಗಣ ಮುದ್ದು, ಹಿತ್ತಲ ಗಿಡ ಮದ್ದಲ್ಲ. ತಾನು ಸಾಕಿದ ಹುಡುಗನನ್ನು ಇದ್ದದ್ದಕ್ಕಿಂತ ದೊಡ್ಡವನೆಂದು ನಂಬಿ ತಂಡ ಕೆಡಬಹುದು. ಕಣ್ಣೆದುರಿಗೇ ಇದ್ದಾನಲ್ಲ ಎಂದು ಸಸಾರ ಮಾಡಿಯೂ ಕೆಡಬಹುದು. ಎರಡು ಗಾದೆಯೂ ನಿಜವಾದ್ದರಿಂದ ಜಗಳ ಮುಗಿಯುವುದಿಲ್ಲ. ಆದರೆ ಈ ಜಗಳದಲ್ಲಿ ಎರಡೂ ಕಡೆಯವರು ಹಿಡಿದಿರುವ ಮೊಳಗೋಲು ಒಂದೇ, ಮತ್ತು ಅದು ತಪ್ಪು ಎಂಬುದು ನನ್ನ ಅನಿಸಿಕೆ.

ಪದ್ಧತಿ ಹೀಗಿದೆ. 1965ರಿಂದ ನಡೆಯುತ್ತಿರುವ ಡ್ರಾಫ್ಟ್‌ನಲ್ಲಿ ಹೈಸ್ಕೂಲು, ಕಾಲೇಜುಗಳ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಆಮೇಲೆ ಆ ಹುಡುಗರು ಸಣ್ಣ ಊರುಗಳ ಮೈನರ್ ಲೀಗ್‌ನಲ್ಲಿ ಬಸ್ಸು ಹತ್ತಿ ತಿರುಗುತ್ತ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಬಹುಪಾಲು ಜನ ತುದಿ ಮುಟ್ಟುವುದೇ ಇಲ್ಲ. ಈ ಏಣಿಗೆ ಅಲ್ಲಿಯವರು ಇಟ್ಟ ಹೆಸರು ಫಾರ್ಮ್, ಅಂದರೆ ಹೊಲ. ನಮ್ಮ ಐಪಿಎಲ್‌ನಲ್ಲೂ ಟ್ರೇಡ್ ಇದೆ. 2009ರಲ್ಲಿ ಬೆಂಗಳೂರು ತಂಡ ಜಹೀರ್ ಖಾನ್‌ರನ್ನು ಮುಂಬೈಗೆ ಕೊಟ್ಟು ರಾಬಿನ್ ಉತ್ತಪ್ಪ ಅವರನ್ನು ಕರೆಸಿಕೊಂಡಿತು. ಆದರೆ ಉತ್ತಪ್ಪ ಅವರನ್ನು ಬೆಳೆಸಿದ್ದು ಕರ್ನಾಟಕದ ರಾಜ್ಯ ಕ್ರಿಕೆಟ್ಟು. ಫ್ರಾಂಚೈಸಿಗೆ ಸಿಕ್ಕಿದ್ದು ಕಾಯಿ ಬಿಟ್ಟ ಮರ. ಬೇಸ್‌ಬಾಲ್‌ನಲ್ಲಿ ಸಸಿ ನೆಟ್ಟವನೇ ನೀರು ಹೊಯ್ಯಬೇಕು, ನಾಲ್ಕೈದು ವರ್ಷ ಕಾಯಬೇಕು. ಅಷ್ಟು ಕಾದ ಮೇಲೆ ಅದನ್ನು ಬೇರುಸಮೇತ ಕಿತ್ತು ಪಕ್ಕದವನ ಹಿತ್ತಲಿಗೆ ಕೊಡಬೇಕಾದಾಗ ಹೊಟ್ಟೆ ಉರಿಯುವುದು ಸಹಜ.

ಸ್ಮೋಲ್ಟ್ಸ್ ಮುಂದೆ 213 ಪಂದ್ಯ ಗೆದ್ದರು. 1996ರಲ್ಲಿ ವರ್ಷದ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಪಡೆದರು, 2015ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಹಾಗಾಗಿ ಡೆಟ್ರಾಯಿಟ್ ಮಾಡಿದ್ದು ಮೂರ್ಖತನ ಎಂಬುದು ಲೋಕದ ತೀರ್ಪು. ನನಗೆ ಈ ತೀರ್ಪು ಒಪ್ಪಿಗೆಯಿಲ್ಲ. ಅಲೆಕ್ಸಾಂಡರ್ ಬಂದ ಮೇಲೆ ಟೈಗರ್ಸ್ ಪರ ಹನ್ನೊಂದು ಪಂದ್ಯ ಆರಂಭಿಸಿದರು. ಹನ್ನೊಂದನ್ನೂ ತಂಡ ಗೆದ್ದಿತು. ಅವರ ಸ್ವಂತ ಲೆಕ್ಕ ಒಂಬತ್ತು ಗೆಲುವು, ಸೊನ್ನೆ ಸೋಲು, ಸರಾಸರಿ 1.53. ವಾರವೊಂದೇ ಉಳಿದಿದ್ದಾಗ ಮೂರೂವರೆ ಪಂದ್ಯ ಮುಂದಿದ್ದ ಟೊರಾಂಟೊ ಬ್ಲೂ ಜೇಸ್ ತಂಡವನ್ನು ಟೈಗರ್ಸ್ ಹಿಂದಿಕ್ಕಿ, ಕೊನೆಯ ದಿನ 1-0ಯಿಂದ ಸೋಲಿಸಿ, ಬರೀ ಎರಡು ಪಂದ್ಯಗಳ ಅಂತರದಲ್ಲಿ ವಿಭಾಗ ಗೆದ್ದಿತು. ಅಲೆಕ್ಸಾಂಡರ್ ಇಲ್ಲದಿದ್ದರೆ ಆ ಎರಡು ಪಂದ್ಯ ಎಲ್ಲಿಂದ ಬರುತ್ತಿದ್ದವು? ಆಮೇಲೆ ಮಿನೆಸೋಟಾ ಎದುರಿನ ಸರಣಿಯಲ್ಲಿ ಅವರು ಎರಡು ಪಂದ್ಯವನ್ನೂ ಸೋತರು, ತಂಡ ಮನೆಗೆ ಬಂತು, ನಿಜ. ಆದರೆ ಡೆಟ್ರಾಯಿಟ್ ಯಾವುದಕ್ಕೆಂದು ಬೆಲೆ ಕೊಟ್ಟಿತೋ ಅದು ಸಿಕ್ಕಿತು. ಕೊಟ್ಟದ್ದು ಆ ದಿನಕ್ಕೆ ಹತ್ತು ಸೋತ ಒಬ್ಬ ಹುಡುಗನನ್ನು. ಹಾಲ್ ಆಫ್ ಫೇಮ್‌ನ ಸ್ಮೋಲ್ಟ್ಸ್ ಅಂದು ಎಲ್ಲೂ ಇರಲಿಲ್ಲ.

ಮೊಳಗೋಲು ತಪ್ಪು ಅಂದದ್ದು ಇದಕ್ಕೇ. ಇಪ್ಪತ್ತು ವರ್ಷ ಕಳೆದ ಮೇಲೆ ಎರಡೂ ಕಡೆಯ ಆಟಗಾರರ ಅಂಕಿಗಳನ್ನು ತಕ್ಕಡಿಗೆ ಹಾಕಿ ತೂಗುವುದು ಭವಿಷ್ಯ ಗೊತ್ತಿದ್ದವರ ವಿಮರ್ಶೆ. ಗಡುವಿನ ದಿನ ಮೇಜಿನ ಮುಂದೆ ಕೂತವನಿಗೆ ಭವಿಷ್ಯ ಗೊತ್ತಿರುವುದಿಲ್ಲ. ಅವನನ್ನು ಅಳೆಯಬೇಕಾದ್ದು ಅಂದು ಅವನಿಗೆ ಏನು ಕಾಣುತ್ತಿತ್ತು, ಕೊಡದಿದ್ದರೆ ಏನು ಕೈತಪ್ಪುತ್ತಿತ್ತು ಎಂಬುದರಿಂದ.

ಹಾಗೆ ಅಳೆದಾಗಲೂ ಪಾಸಾಗದ ಟ್ರೇಡ್‌ಗಳಿವೆ. 1990ರ ಆಗಸ್ಟ್ ಕೊನೆಯಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡ ಲ್ಯಾರಿ ಆಂಡರ್ಸನ್ ಎಂಬ ಮೂವತ್ತೇಳು ವರ್ಷದ ರಿಲೀಫ್ ಪಿಚರ್‌ಗಾಗಿ ಜೆಫ್ ಬ್ಯಾಗ್‌ವೆಲ್ ಎಂಬ ಹುಡುಗನನ್ನು ಹ್ಯೂಸ್ಟನ್‌ಗೆ ಕೊಟ್ಟಿತು. ಬ್ಯಾಗ್‌ವೆಲ್ ಹುಟ್ಟಿದ್ದು ಬಾಸ್ಟನ್‌ನಲ್ಲೇ. ಆಂಡರ್ಸನ್ ಬಾಸ್ಟನ್ ಪರ ಲೀಗ್‌ನಲ್ಲಿ ಎಸೆದದ್ದು 15 ಪಂದ್ಯಗಳಲ್ಲಿ 22 ಇನಿಂಗ್ಸ್. ಲೀಗ್ ಮುಗಿದ ಮೇಲಿನ ಸರಣಿಯಲ್ಲಿ ಓಕ್ಲೆಂಡ್ ಎದುರು ರೆಡ್ ಸಾಕ್ಸ್ ನಾಲ್ಕಕ್ಕೆ ನಾಲ್ಕೂ ಸೋತಿತು. ಚಳಿಗಾಲದಲ್ಲಿ ಆಂಡರ್ಸನ್ ಸ್ಯಾನ್ ಡಿಯಾಗೊ ಸೇರಿದರು. ಬ್ಯಾಗ್‌ವೆಲ್ ಹದಿನೈದು ವರ್ಷ ಹ್ಯೂಸ್ಟನ್‌ನಲ್ಲೇ ಆಡಿ 449 ಹೋಮ್ ರನ್ ಹೊಡೆದರು.

ಈ 449ನ್ನು ಪಕ್ಕಕ್ಕಿಡೋಣ. ಅಂದು ಬಾಸ್ಟನ್‌ಗೆ ಕಾಣುತ್ತಿದ್ದದ್ದೇನು? ನ್ಯೂ ಬ್ರಿಟನ್‌ನ ಡಬಲ್-ಎ (ಮೈನರ್ ಲೀಗ್‌ನ ಒಂದು ಮೆಟ್ಟಿಲು) ತಂಡದಲ್ಲಿ ಬ್ಯಾಗ್‌ವೆಲ್ ಬ್ಯಾಟಿಂಗ್ ಸರಾಸರಿ .333, ಆದರೆ ಹೋಮ್ ರನ್ ನಾಲ್ಕೇ. ಅವನ ಜಾಗವಾದ ಥರ್ಡ್ ಬೇಸ್‌ನಲ್ಲಿ ವೇಡ್ ಬಾಗ್ಸ್ ಎಂಬ ದಿಗ್ಗಜ ಬೇರೂರಿದ್ದರು. ಫಸ್ಟ್ ಬೇಸ್‌ಗೆ ಮೋ ವಾನ್ ಎಂಬ ಇನ್ನೊಬ್ಬ ಹುಡುಗ ತಯಾರಾಗುತ್ತಿದ್ದ. ಅಂದರೆ ಬ್ಯಾಗ್‌ವೆಲ್‌ನನ್ನು ಕೊಡುವುದರಲ್ಲಿ ತಪ್ಪಿರಲಿಲ್ಲ. ತಪ್ಪಾದದ್ದು ಬೆಲೆಯಲ್ಲಿ. ಡಬಲ್-ಎ ಮಟ್ಟದಲ್ಲಿ ಅಷ್ಟು ಚೆನ್ನಾಗಿ ಬ್ಯಾಟ್ ಬೀಸುವ ಹುಡುಗನಿಗೆ ಒಂದು ತಿಂಗಳು ಕೊನೆಯ ಇನಿಂಗ್ಸ್‌ಗಳಲ್ಲಿ ಬಂದು ಹೋಗುವ ಪಿಚರ್ ಸಮವಲ್ಲ. ಹ್ಯೂಸ್ಟನ್ ಅವನನ್ನು ಮರುವರ್ಷವೇ ಫಸ್ಟ್ ಬೇಸ್‌ಗೆ ನಿಲ್ಲಿಸಿತು. ಆ ವರ್ಷದ ಶ್ರೇಷ್ಠ ಹೊಸಬ ಅವನೇ ಆದ. ಮನೆಯಲ್ಲಿ ಜಾಗ ಇಲ್ಲ ಎಂಬುದು ಬಂಗಾರವನ್ನು ಹಿತ್ತಾಳೆಯ ಬೆಲೆಗೆ ಮಾರಲು ಕಾರಣವಾಗುವುದಿಲ್ಲ. ಹಿತ್ತಲ ಗಿಡದ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹೆಗ್ಗಣದ ಗಾದೆಗೆ ಮತ್ತೆ ಡೆಟ್ರಾಯಿಟ್‌ಗೇ ಬರಬೇಕು. ಸ್ಮೋಲ್ಟ್ಸ್ ಹೋಗಿ ಮೂವತ್ತು ವರ್ಷ ಕಳೆದು, 2017ರ ಆಗಸ್ಟ್ 31ರ ಅಪರಾತ್ರಿ, ಈ ಸಲ ಟೈಗರ್ಸ್ ಅಂಗಡಿಯ ಆಚೆ ಬದಿಯಲ್ಲಿ ಕೂತಿತ್ತು. ತನ್ನ ಹೆಸರಾಂತ ಪಿಚರ್ ಜಸ್ಟಿನ್ ವರ್ಲ್ಯಾಂಡರ್‌ನನ್ನು ಹ್ಯೂಸ್ಟನ್‌ಗೆ ಕೊಟ್ಟು ಮೂವರು ಹುಡುಗರನ್ನು ಪಡೆಯಿತು. ವರ್ಲ್ಯಾಂಡರ್ ಲೀಗ್‌ನ ಉಳಿದ ಐದು ಪಂದ್ಯ ಗೆದ್ದರು, ತಂಡವನ್ನು ವರ್ಲ್ಡ್ ಸೀರೀಸ್‌ಗೆ ಒಯ್ದರು, ಹ್ಯೂಸ್ಟನ್ ಪ್ರಶಸ್ತಿ ಗೆದ್ದಿತು. ಎದುರಾಳಿಯ ಸನ್ನೆಗಳನ್ನು ಕ್ಯಾಮೆರಾದಲ್ಲಿ ಕದ್ದು ನೋಡಿದ ಕಳಂಕ ಆ ಪ್ರಶಸ್ತಿಗೆ ಆಮೇಲೆ ಅಂಟಿಕೊಂಡಿತು, ಅದು ಬೇರೆ ಕಥೆ. ಡೆಟ್ರಾಯಿಟ್‌ಗೆ ಬಂದ ಮೂವರಲ್ಲಿ ಎಲ್ಲರಿಗಿಂತ ಹೆಚ್ಚು ಆಸೆ ಹುಟ್ಟಿಸಿದ್ದ ಫ್ರಾಂಕ್ಲಿನ್ ಪೆರೆಸ್ ಗಾಯದ ಮೇಲೆ ಗಾಯವಾಗಿ ಟೈಗರ್ಸ್ ಪರ ಮೇಜರ್ ಲೀಗ್‌ನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. ತಾನು ಸಾಕಿದವನೆಂದು ಹ್ಯೂಸ್ಟನ್ ಅವನನ್ನು ಮುದ್ದಿಸಿ ಉಳಿಸಿಕೊಂಡಿದ್ದರೆ ಕೆಡುತ್ತಿತ್ತು. ಪಿಚರ್‌ನ ಭುಜಕ್ಕಿಂತ ಹುಸಿಯಾದ ಪೈರು ಆ ಹೊಲದಲ್ಲಿ ಇನ್ನೊಂದಿಲ್ಲ.

ಹಾಗಿದ್ದರೂ ಇಂದಿನ ಗಾಳಿ ಹುಡುಗರನ್ನು ಬಿಡಬಾರದು ಎನ್ನುವ ಕಡೆಗೇ ಬೀಸುತ್ತಿದೆ. ಹುಡುಗರನ್ನು ಕೂಡಿಟ್ಟುಕೊಳ್ಳುವುದಕ್ಕೆ ದೂರದೃಷ್ಟಿ, ತಾಳ್ಮೆ ಎಂಬ ಹೆಸರು. ಈ ತಾಳ್ಮೆಯ ಮೇಲೆ ನನಗೆ ಅನುಮಾನ. ಮೇಜರ್ ಲೀಗ್‌ಗೆ ಬಂದ ಆಟಗಾರ ಆರು ವರ್ಷ ಆಡುವವರೆಗೆ ತನ್ನಿಷ್ಟದ ತಂಡಕ್ಕೆ ಹೋಗುವಂತಿಲ್ಲ. ಮೊದಲ ಮೂರು ವರ್ಷದ ಸಂಬಳ ಹೆಚ್ಚುಕಡಿಮೆ ಕನಿಷ್ಠ ಮಟ್ಟದ್ದು. 2025ರಲ್ಲಿ ಅದು 7,60,000 ಡಾಲರ್. ನಮಗೆ ದೊಡ್ಡ ಮೊತ್ತವೇ. ಆದರೆ ಅದೇ ಆಟ ಆಡುವ ಪಳಗಿದವನಿಗೆ ವರ್ಷಕ್ಕೆ ಎರಡು ಮೂರು ಕೋಟಿ ಡಾಲರ್ ಕೊಡಬೇಕಾದ ಕಡೆ ಇದು ಚಿಲ್ಲರೆ. ಮಾಲೀಕರಿಗೆ ಹುಡುಗ ಮುದ್ದಾಗಿರುವುದು ಅವನ ತೋಳಿನ ಕಸುವಿಗಷ್ಟೇ ಅಲ್ಲ, ಅಗ್ಗವಾಗಿರುವುದಕ್ಕೂ. ಭವಿಷ್ಯ ಕಟ್ಟುತ್ತಿದ್ದೇವೆ ಎಂದು ಟಿಕೆಟ್ ಕೊಂಡವನಿಗೆ ಹೇಳುವಾಗ ಖರ್ಚು ಉಳಿಸುತ್ತಿದ್ದೇವೆ ಎಂಬ ಅರ್ಧವನ್ನು ನುಂಗಿಕೊಳ್ಳುತ್ತಾರೆ.

ವಾಷಿಂಗ್ಟನ್ ನ್ಯಾಷನಲ್ಸ್ ನೋಡಿ. 15 ವರ್ಷಕ್ಕೆ 44 ಕೋಟಿ ಡಾಲರ್ ಕೊಡುತ್ತೇವೆಂದರೂ ಆ ತಂಡದ ತಾರೆ ಹ್ವಾನ್ ಸೋಟೊ ಒಪ್ಪಲಿಲ್ಲ. 2022ರ ಆಗಸ್ಟ್‌ನಲ್ಲಿ ತಂಡ ಅವರನ್ನು ಸ್ಯಾನ್ ಡಿಯಾಗೊಗೆ ಕೊಟ್ಟು ಐವರು ಹುಡುಗರನ್ನು ತಂದಿತು. ಆರಿಸಿದ ಕಣ್ಣು ಒಳ್ಳೆಯದೇ: ಅವರಲ್ಲಿ ಏಬ್ರಮ್ಸ್, ಗೋರ್, ವುಡ್ ಮೂವರೂ 2025ರೊಳಗೆ ಆಲ್ ಸ್ಟಾರ್ ಆದರು. ಆದರೂ 2025ರವರೆಗೆ ಒಂದು ಸೀಸನ್‌ನಲ್ಲೂ ತಂಡದ ಗೆಲುವು ಸೋಲಿಗಿಂತ ಹೆಚ್ಚಾಗಲಿಲ್ಲ. ಸಸಿ ನೆಟ್ಟು ಬೇಲಿ ಕಟ್ಟದವನ ತೋಟದ ಗತಿ ಇದು. ಎಳೆಯರ ಸುತ್ತ ಪಳಗಿದವರನ್ನು ದುಡ್ಡು ಕೊಟ್ಟು ನಿಲ್ಲಿಸದಿದ್ದರೆ ಭವಿಷ್ಯ ಪ್ರತಿ ವರ್ಷ ಮುಂದಿನ ವರ್ಷವೇ ಆಗಿ ಉಳಿಯುತ್ತದೆ.

ಈ ಎಲ್ಲ ಲೆಕ್ಕದಲ್ಲಿ ಹುಡುಗನನ್ನು ಯಾರೂ ಕೇಳುವುದಿಲ್ಲ. 1969ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಮ್ಮನ್ನು ಫಿಲಡೆಲ್ಫಿಯಾಗೆ ಕೊಟ್ಟಾಗ ಕರ್ಟ್ ಫ್ಲಡ್ ಹೋಗಲೊಪ್ಪಲಿಲ್ಲ. ನಾನು ಕೊಂಡು ಮಾರುವ ಸ್ವತ್ತಲ್ಲ ಎಂದು ಆ ಕಪ್ಪು ಆಟಗಾರ ಕೋರ್ಟಿಗೆ ಹೋದರು. 1972ರಲ್ಲಿ ಸುಪ್ರೀಂ ಕೋರ್ಟ್ 5-3ರಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ಮರುವರ್ಷ ಬಂದ ನಿಯಮದಂತೆ ಹತ್ತು ವರ್ಷ ಆಡಿ, ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವನು ಟ್ರೇಡ್‌ಗೆ ಒಲ್ಲೆ ಎನ್ನಬಹುದು. ಹೊಸಬನಿಗೆ ಆ ಬಾಯಿಯಿಲ್ಲ. ಹಾಗೆಂದು ಟ್ರೇಡ್ ಆದದ್ದೆಲ್ಲ ಅವನಿಗೆ ಶಿಕ್ಷೆಯೂ ಅಲ್ಲ. ಬಾಗ್ಸ್ ಹಿಂದೆ ನಿಂತು ಕಾಯುವ ಬದಲು ಬ್ಯಾಗ್‌ವೆಲ್ ಮರುವರ್ಷವೇ ಅಂಗಳಕ್ಕಿಳಿದದ್ದು ಟ್ರೇಡ್‌ನಿಂದಲೇ. ಬಿಡದೆ ಇಟ್ಟುಕೊಳ್ಳುವುದೂ ಒಂದು ಬಗೆಯ ಕಟ್ಟಿಹಾಕುವಿಕೆ.

2016ರ ಜುಲೈನಲ್ಲಿ ಶಿಕಾಗೊ ಕಬ್ಸ್ ಕೊಟ್ಟ ಬೆಲೆಯನ್ನು ನೋಡಿದರೆ ಈ ಎಳೆಗಳೆಲ್ಲ ಒಂದೆಡೆ ಸೇರುತ್ತವೆ. 1908ರಿಂದ ವರ್ಲ್ಡ್ ಸೀರೀಸ್ ಗೆಲ್ಲದ ತಂಡ ಅದು. ಕೊನೆಯ ಇನಿಂಗ್ಸ್‌ಗೆ ಅರೋಲ್ಡಿಸ್ ಚಾಪ್‌ಮನ್ ಬೇಕೆಂದು ತನ್ನ ಫಾರ್ಮ್‌ನ ಕಣ್ಮಣಿ ಗ್ಲೇಬರ್ ಟೊರೆಸ್ ಮತ್ತಿತರರನ್ನು ಯಾಂಕೀಸ್‌ಗೆ ಕೊಟ್ಟಿತು. ಚಾಪ್‌ಮನ್ ಒಪ್ಪಂದದಲ್ಲಿ ಉಳಿದಿದ್ದದ್ದು ಬರೀ ಮೂರು ತಿಂಗಳು. ಕೌಟುಂಬಿಕ ಹಿಂಸೆಯ ಆರೋಪದ ಮೇಲೆ ಚಾಪ್‌ಮನ್ ಆ ವರ್ಷವೇ 30 ಪಂದ್ಯಗಳ ನಿಷೇಧ ಮುಗಿಸಿ ಬಂದಿದ್ದವರು. ಗೆಲುವಿನ ಹಸಿವಿನಲ್ಲಿ ಕಬ್ಸ್ ಅದನ್ನೂ ನುಂಗಿತು. ಬೇಸ್‌ಬಾಲ್ ಲೆಕ್ಕದಲ್ಲಿ ಈ ಟ್ರೇಡ್ ಸರಿ ಎನ್ನುವ ನಾನೂ ಆ ತುತ್ತು ಸಲೀಸಾಗಿ ಇಳಿಯಿತು ಎನ್ನಲಾರೆ. ನೂರೆಂಟು ವರ್ಷ ಕಾದ ಊರಿಗೆ, ಕೈಯಳತೆಯಲ್ಲಿದ್ದ ಒಂದು ಅಕ್ಟೋಬರ್‌ಗಿಂತ ಟೊರೆಸ್‌ನ ಮುಂದಿನ ಆರು ವರ್ಷ ದೊಡ್ಡದಾಗಿರಲಿಲ್ಲ. ಅದು ಆ ದಿನಕ್ಕೇ ಕಾಣುತ್ತಿತ್ತು.

ಆದರೆ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದಲ್ಲಿ, ನವೆಂಬರ್ 2ರ ರಾತ್ರಿ ಕ್ಲೀವ್‌ಲ್ಯಾಂಡ್‌ನಲ್ಲಿ, ಹಿಂದಿನ ಎರಡು ಪಂದ್ಯಗಳಲ್ಲಿ ದುಡಿದು ದಣಿದಿದ್ದ ಚಾಪ್‌ಮನ್ ಎಂಟನೇ ಇನಿಂಗ್ಸ್‌ನಲ್ಲಿ ರಜಾಯ್ ಡೇವಿಸ್‌ಗೆ ಹೋಮ್ ರನ್ ಕೊಟ್ಟು ಪಂದ್ಯ ಸಮ ಮಾಡಿಸಿದರು. ಹತ್ತನೇ ಇನಿಂಗ್ಸ್‌ಗೆ ಬಂದದ್ದು ಕಾರ್ಲ್ ಎಡ್ವರ್ಡ್ಸ್. ಮೂರು ವರ್ಷದ ಹಿಂದೆ ಟೆಕ್ಸಸ್ ತಂಡ ಒಬ್ಬ ಪಳಗಿದ ಪಿಚರ್‌ಗಾಗಿ ಕಬ್ಸ್‌ಗೆ ಕೊಟ್ಟಿದ್ದ ಹುಡುಗರಲ್ಲಿ ಒಬ್ಬ. ಇನ್ನೊಂದೇ ಔಟ್ ಬೇಕಿದ್ದಾಗ ಬಂದದ್ದು ಮೈಕ್ ಮಾಂಟ್ಗೊಮರಿ. 2012ರಲ್ಲಿ ಕಾನ್ಸಾಸ್ ಸಿಟಿ ತಂಡ ಜೇಮ್ಸ್ ಶೀಲ್ಡ್ಸ್, ವೇಡ್ ಡೇವಿಸ್ ಇಬ್ಬರನ್ನು ತರಲು ಕೊಟ್ಟ ಹುಡುಗರ ಕಟ್ಟಿನಲ್ಲಿದ್ದವನು. ಆ ಟ್ರೇಡ್‌ನಿಂದ ಕಾನ್ಸಾಸ್ ಸಿಟಿ 2015ರಲ್ಲಿ ಪ್ರಶಸ್ತಿ ಗೆದ್ದಿತ್ತು. ಹುಡುಗ ಮಾತ್ರ ತಂಡದಿಂದ ತಂಡಕ್ಕೆ ಅಲೆಯುತ್ತ ಇಲ್ಲಿಗೆ ಬಂದಿದ್ದ. ಅವನು ಎಸೆದ ಚೆಂಡು ಬ್ಯಾಟಿಗೆ ತಾಗಿ ನೆಲಕ್ಕೆ ಬಿದ್ದು ಥರ್ಡ್ ಬೇಸ್ ಕಡೆ ಉರುಳಿತು. ಹೆಕ್ಕಿದ್ದು ಕ್ರಿಸ್ ಬ್ರಯಂಟ್. ಕಬ್ಸ್ ತಾನೇ ಸಾಕಿ ಉಳಿಸಿಕೊಂಡ ಹುಡುಗ. 172 ದಿನ ಆದರೆ ಒಂದು ಪೂರ್ತಿ ವರ್ಷವೆಂದು ಲೆಕ್ಕವಾಗುವ ಆಟದಲ್ಲಿ, ಮೊದಲ ವರ್ಷ ತಡವಾಗಿ ಕರೆಸಿಕೊಂಡದ್ದರಿಂದ 171 ದಿನಕ್ಕೆ ನಿಂತು, ಇನ್ನೊಂದು ವರ್ಷ ತಂಡಕ್ಕೆ ದಕ್ಕಿದವನು. ಬ್ರಯಂಟ್ ಚೆಂಡನ್ನು ಫಸ್ಟ್ ಬೇಸ್‌ಗೆ ಎಸೆದ. ಅಲ್ಲಿದ್ದದ್ದು ಆಂಟನಿ ರಿಝೊ: ಬಾಸ್ಟನ್ ಬೆಳೆಸಿ ಸ್ಯಾನ್ ಡಿಯಾಗೊಗೆ ಕೊಟ್ಟ, ಸ್ಯಾನ್ ಡಿಯಾಗೊ ಒಂದೇ ವರ್ಷಕ್ಕೆ ಕಬ್ಸ್‌ಗೆ ದಾಟಿಸಿದ ಹುಡುಗ.

ಉಳಿಸಿಕೊಂಡ ಒಬ್ಬ, ಬೇರೆಯವರು ಕೊಟ್ಟುಬಿಟ್ಟ ಇಬ್ಬರು. ಒಂದು ಚೆಂಡು ಆ ಮೂವರ ಕೈ ದಾಟಿ ನೂರೆಂಟು ವರ್ಷದ ಲೆಕ್ಕ ಮುಗಿಸಿತು. ಕುಣಿದಾಡುವ ಗೆಳೆಯರ ಕಡೆ ಓಡುತ್ತಲೇ ರಿಝೊ ಅದನ್ನು ತನ್ನ ಹಿಂದಿನ ಜೇಬಿಗೆ ಇಳಿಸಿಕೊಂಡ.