ಕಿವಿಗೆ ವಿದ್ಯುತ್ತು, ಕೈಗೆ ಅಭ್ಯಾಸ

ಪಾರ್ಶ್ವವಾಯು ಹೊಡೆದು ವರ್ಷ ಕಳೆದ ಮೇಲೆ ಕೈ ಇನ್ನು ಸುಧಾರಿಸುವುದಿಲ್ಲ ಎಂಬ ಮಾತನ್ನು ಎಷ್ಟೋ ಮನೆಗಳು ಕೇಳಿ ಒಪ್ಪಿಕೊಂಡುಬಿಟ್ಟಿವೆ. ಕಾಲು ಹೇಗೋ ನಾಲ್ಕು ಹೆಜ್ಜೆ ಇಡುವಷ್ಟು ಬಲ ಪಡೆಯುತ್ತದೆ. ಕೈ ಮಾತ್ರ ಎದೆಗೆ ಮಡಚಿಕೊಂಡು ಉಳಿದುಬಿಡುತ್ತದೆ. ಅಂಗಿಯ ಗುಂಡಿ ಹಾಕಲು, ತುತ್ತು ಕಲಸಲು, ಸ್ನಾನದ ಚೊಂಬು ಎತ್ತಲು ಇನ್ನೊಬ್ಬರು ಬೇಕು. ಇಂಥ ಕೈಯನ್ನು ಮತ್ತೆ ಕೆಲಸಕ್ಕೆ ಹಚ್ಚಲು ಕಿವಿಯ ಕಡೆಯಿಂದಲೂ ಒಂದು ದಾರಿ ಇರಬಹುದು ಎನ್ನುತ್ತಾರೆ ಕೆಲವು ನರವಿಜ್ಞಾನಿಗಳು. ಕಿವಿಯ ಒಳಬಟ್ಟಲಿನ ಚರ್ಮಕ್ಕೆ ಪುಟ್ಟ ಎಲೆಕ್ಟ್ರೋಡ್ ತಾಗಿಸಿ, ರೋಗಿ ಫಿಸಿಯೋಥೆರಪಿ ಮಾಡುತ್ತಿರುವಾಗಲೇ ವೇಗಸ್ ನರದ ಒಂದು ಕವಲನ್ನು ಪ್ರಚೋದಿಸುವ ವಿಧಾನ ಇದು. ಶಸ್ತ್ರಚಿಕಿತ್ಸೆ ಬೇಡ, ಚರ್ಮ ಕೊಯ್ಯುವುದಿಲ್ಲ. ಭರವಸೆಗೆ ಗಟ್ಟಿ ಕಾರಣಗಳಿವೆ. ಆದರೆ ಅದರ ಹೆಸರಿನಲ್ಲಿ ಹೇಳುತ್ತಿರುವಷ್ಟು ಪುರಾವೆ ಇನ್ನೂ ಸಿಕ್ಕಿಲ್ಲ.

ವೇಗಸ್ ನರ ಮಿದುಳಿನ ಬುಡದಿಂದ ಹೊರಟು ಕುತ್ತಿಗೆ, ಎದೆ, ಹೊಟ್ಟೆಯವರೆಗೆ ಇಳಿಯುತ್ತದೆ. ಅದನ್ನು ಪ್ರಚೋದಿಸಿದಾಗ ಮಿದುಳಿನಲ್ಲಿ ನಾರ್‌ಅಡ್ರಿನಲಿನ್, ಅಸಿಟೈಲ್‌ಕೋಲಿನ್‌ನಂಥ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ಕಲಿಕೆಯ ಹೊತ್ತಿನಲ್ಲಿ ನರಕೋಶಗಳ ನಡುವಿನ ಸಂಪರ್ಕವನ್ನು ಬಲಪಡಿಸುವುದರಲ್ಲಿ ಇವುಗಳ ಪಾತ್ರ ದೊಡ್ಡದು. ಡಲ್ಲಾಸ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಕಿಲ್ಗಾರ್ಡ್ ಮತ್ತು ಸಂಗಡಿಗರು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಒಂದು ಸಂಗತಿ ಎದ್ದು ಕಂಡಿತು. ಮುಂಗಾಲಿನ ಚಲನೆಯ ಜೊತೆಜೊತೆಗೇ ಪ್ರಚೋದನೆ ಕೊಟ್ಟಾಗ ಸಿಕ್ಕ ಫಲ, ಅಭ್ಯಾಸ ಮುಗಿದ ಮೇಲೆ ತಡವಾಗಿ ಕೊಟ್ಟಾಗ ಸಿಗಲಿಲ್ಲ. ವಿದ್ಯುತ್ತು ತಾನಾಗಿ ಕೈಯನ್ನು ಗುಣಪಡಿಸುವುದಿಲ್ಲ. ಕೈ ದುಡಿಯುತ್ತಿರುವ ಗಳಿಗೆಯಲ್ಲಿ ಅದು ಮಿದುಳಿಗೆ ನೆರವಾಗುತ್ತದೆ, ಅಷ್ಟೆ.

ಈ ತತ್ವಕ್ಕೆ ಮನುಷ್ಯರಲ್ಲಿ ದೊರೆತ ಬಲವಾದ ಆಧಾರವೆಂದರೆ 2021ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ಪರೀಕ್ಷೆ. ಅಮೆರಿಕ ಮತ್ತು ಬ್ರಿಟನ್ನಿನ 19 ಕೇಂದ್ರಗಳಲ್ಲಿ 108 ಜನ ಭಾಗವಹಿಸಿದ್ದರು. ಎಲ್ಲರಿಗೂ ಪಾರ್ಶ್ವವಾಯು ಹೊಡೆದು ಕನಿಷ್ಠ ಒಂಬತ್ತು ತಿಂಗಳು ಕಳೆದಿತ್ತು. ಎಲ್ಲರ ಎದೆಯಲ್ಲೂ ಸಾಧನ ಕೂರಿಸಿ, ಅದರ ತಂತಿಯನ್ನು ಕುತ್ತಿಗೆಯಲ್ಲಿ ವೇಗಸ್ ನರಕ್ಕೆ ಸುತ್ತಿದರು. ಅಭ್ಯಾಸದ ಜೊತೆ ಪ್ರಚೋದನೆ ಸಿಕ್ಕಿದ್ದು ಸುಮಾರು ಅರ್ಧದಷ್ಟು ಜನರಿಗೆ. ಕೈಯ ಚಲನೆ ಅಳೆಯುವ 66 ಅಂಕಗಳ ಫೂಗಲ್-ಮೇಯರ್ ಮಾಪನದಲ್ಲಿ ಆರು ವಾರಗಳ ನಂತರ ಅವರು 5 ಅಂಕ ಮೇಲೇರಿದರೆ, ಉಳಿದವರು 2.4 ಅಂಕ ಏರಿದ್ದರು. ಅದಾಗಿ 90 ದಿನಗಳ ಹೊತ್ತಿಗೆ ಗಣನೀಯ ಸುಧಾರಣೆ ಕಂಡವರು ಪ್ರಚೋದನೆ ಪಡೆದ ಗುಂಪಿನಲ್ಲಿ ಶೇ. 47, ಇನ್ನೊಂದರಲ್ಲಿ ಶೇ. 24. ಅದೇ ವರ್ಷ ಅಮೆರಿಕದ ಎಫ್‌ಡಿಎ ಈ ಸಾಧನಕ್ಕೆ ಒಪ್ಪಿಗೆ ಕೊಟ್ಟಿತು.

ಇಷ್ಟೂ ಪುರಾವೆ ದೇಹದೊಳಗೆ ಕೂರಿಸುವ ಸಾಧನಕ್ಕೆ ಸೇರಿದ್ದು. ಕಿವಿಯ ಸಾಧನದ ಪ್ರಚಾರದಲ್ಲಿ ಈ ಅಂಕಿಗಳನ್ನೇ ಎರವಲು ತಂದು ತೋರಿಸುವುದು ಸರಿಯಲ್ಲ. ಕುತ್ತಿಗೆಯಲ್ಲಿ ನರಕ್ಕೇ ಸುತ್ತಿದ ತಂತಿಯೂ ಚರ್ಮದ ಮೇಲಿಂದ ಒಂದು ಸಣ್ಣ ಕವಲಿಗೆ ತಲುಪುವ ಕರೆಂಟೂ ಒಂದೇ ಪರಿಣಾಮ ಬೀರುತ್ತವೆ ಎಂದು ಮೊದಲೇ ನಂಬಲು ಆಧಾರವಿಲ್ಲ.

ಕಿವಿಯ ವಿಧಾನದ್ದೇ ಪುರಾವೆ ನೋಡಿದರೆ, ಶೆಫೀಲ್ಡ್‌ನ ತಂಡ 2018ರಲ್ಲಿ ಪ್ರಕಟಿಸಿದ ಆರಂಭಿಕ ಅಧ್ಯಯನ ಕಣ್ಣರಳಿಸುವಂತಿದೆ. ಆರು ವಾರ, 18 ಸರದಿ, ಪ್ರತಿ ಸರದಿಯಲ್ಲೂ ನೂರಾರು ಬಾರಿ ಕೈಯ ಚಲನೆ. ಕೊನೆಗೆ ಅದೇ ಮಾಪನದಲ್ಲಿ ಸರಾಸರಿ 17 ಅಂಕಗಳ ಏರಿಕೆ. ಎದೆಯೊಳಗಿನ ಸಾಧನಕ್ಕೂ ಸಿಗದ ಫಲ! ಆದರೆ ಅಲ್ಲಿದ್ದವರು 13 ಜನ, ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಅಷ್ಟು ಕಠಿಣ ಅಭ್ಯಾಸ ಮಾಡಿದವರು ಕರೆಂಟು ಇಲ್ಲದೆಯೂ ಎಷ್ಟು ಸುಧಾರಿಸುತ್ತಿದ್ದರು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಆ ತಂಡವೇ ಮುಂದಿನ ಹೆಜ್ಜೆಯಾಗಿ, ಅರ್ಷದ್ ಮಜೀದ್ ಅವರ ನೇತೃತ್ವದಲ್ಲಿ, 243 ಜನರ ‘ಟ್ರೈಸೆಪ್ಸ್’ ಪರೀಕ್ಷೆಯನ್ನು ರೂಪಿಸಿದ್ದು ಮೆಚ್ಚಬೇಕಾದ ಶಿಸ್ತು. ಅಲ್ಲಿ ಹೋಲಿಕೆಗಾಗಿ ಹುಸಿ (ಹೆಸರಿಗಷ್ಟೇ ಕೊಡುವ) ಪ್ರಚೋದನೆ ಪಡೆಯುವವರೂ ಇರುತ್ತಾರೆ. 12 ವಾರ, ವಾರಕ್ಕೆ ಐದು ದಿನ, ದಿನಕ್ಕೆ ಒಂದು ಗಂಟೆ ಅಭ್ಯಾಸ.

ಹುಸಿ ಗುಂಪು ಯಾಕೆ ಬೇಕೆಂಬುದನ್ನು ಅಮೆರಿಕದ ‘ನಿಚ್’ ಪರೀಕ್ಷೆ ಆಗಲೇ ತೋರಿಸಿಕೊಟ್ಟಿದೆ. ತಲೆಯ ಮೇಲಿಂದ ಕಾಂತೀಯ ಪ್ರಚೋದನೆ ಕೊಟ್ಟ ಆ ಪರೀಕ್ಷೆಯಲ್ಲಿ 199 ಜನರಿದ್ದರು. ಪ್ರಚೋದನೆ ಪಡೆದವರಲ್ಲಿ ಶೇ. 67 ಜನ ಗಣನೀಯವಾಗಿ ಸುಧಾರಿಸಿದರು. ಹುಸಿ ಪ್ರಚೋದನೆ ಪಡೆದವರಲ್ಲಿ ಶೇ. 65. ಯಂತ್ರದ ಪಾಲು ಏನೂ ಉಳಿಯಲಿಲ್ಲ. ಆದರೆ ಎರಡೂ ಗುಂಪಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರ ಕೈ ಸುಧಾರಿಸಿತ್ತು, ಮತ್ತು ಆ ಎರಡೂ ಗುಂಪಿಗೆ ಸಮನಾಗಿ ಸಿಕ್ಕಿದ್ದು ಥೆರಪಿ.

ನಿಜವಾದ ಕೊರತೆ ಇರುವುದು ಆ ಥೆರಪಿಯಲ್ಲೇ. ಉತ್ತರ ಅಮೆರಿಕದ ಏಳು ಕೇಂದ್ರಗಳಲ್ಲಿ 312 ಸರದಿಗಳನ್ನು ಗಮನಿಸಿ 2009ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಕೈಯನ್ನು ಬಳಸುವ ಅಭ್ಯಾಸ ಒಂದು ಸರದಿಯಲ್ಲಿ ಸರಾಸರಿ 32 ಬಾರಿ ಮಾತ್ರ ನಡೆಯುತ್ತಿತ್ತು. ವೇಗಸ್ ಪರೀಕ್ಷೆಗಳಲ್ಲಿ ಅದು 300 ದಾಟುತ್ತದೆ. ಲಂಡನ್ನಿನ ಕ್ವೀನ್ ಸ್ಕ್ವೇರ್‌ನ ಕೈ ಪುನಶ್ಚೇತನ ಕಾರ್ಯಕ್ರಮದಲ್ಲಿ ವೇಗಸ್ ಪ್ರಚೋದನೆ ಇಲ್ಲದೆ ಮೂರು ವಾರಗಳಲ್ಲಿ 90 ಗಂಟೆ ಅಭ್ಯಾಸ ಮಾಡಿಸುತ್ತಾರೆ. ಅಲ್ಲಿಗೆ ಬರುವವರಲ್ಲಿ ಬಹಳ ಜನರಿಗೆ ಕಾಯಿಲೆ ಬಂದು ಒಂದು ವರ್ಷಕ್ಕಿಂತ ಹೆಚ್ಚಾಗಿರುತ್ತದೆ. ಅವರ ಕೈಗಳೂ ಸುಧಾರಿಸಿವೆ.

ಭಾರತದಲ್ಲಿ ಇಷ್ಟು ಅಭ್ಯಾಸ ಮಾಡಿಸುವವರು ಯಾರು? ಮನೆಯವರಿಗೇ ತರಬೇತಿ ಕೊಟ್ಟು ನೋಡಿದ ‘ಅಟೆಂಡ್’ ಪರೀಕ್ಷೆಯಲ್ಲಿ ದೇಶದ 14 ಆಸ್ಪತ್ರೆಗಳ 1,250 ರೋಗಿಗಳಿದ್ದರು. ಆರು ತಿಂಗಳ ನಂತರ ಸಾವಿನಲ್ಲಾಗಲಿ ಪರಾವಲಂಬನೆಯಲ್ಲಾಗಲಿ ಮಾಮೂಲಿ ಆರೈಕೆಗಿಂತ ವ್ಯತ್ಯಾಸ ಕಾಣಲಿಲ್ಲ. ಹೆಂಡತಿ, ಮಗ, ಸೊಸೆ ಎಷ್ಟೇ ಪ್ರೀತಿಯಿಂದ ದುಡಿದರೂ ಫಿಸಿಯೋ ತಜ್ಞರ ಜಾಗವನ್ನು ಅವರಿಂದಲೇ ತುಂಬಿಸುವುದು ಸುಲಭವಲ್ಲ. ಅಂಥ ಮನೆಗೆ ಥೆರಪಿಯಿಲ್ಲದ ಕಿವಿಯ ಯಂತ್ರವನ್ನಷ್ಟೇ ಮಾರುವುದು ಅನ್ಯಾಯ. ಪೇಸ್‌ಮೇಕರ್ ಇರುವವರು, ಹೃದಯ ಬಡಿತದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಲೂ ಬಾರದು. ಕೊಳ್ಳುವ ಮೊದಲು ಮಾರುವವರಿಂದ ಮೂರು ವಿಷಯ ತಿಳಿಯಬೇಕು: ದಿನಕ್ಕೆ ಎಷ್ಟು ಬಾರಿ ಕೈಯ ಅಭ್ಯಾಸ ಮಾಡಿಸುತ್ತೀರಿ, ಅದನ್ನು ನೋಡಿಕೊಳ್ಳುವ ಫಿಸಿಯೋ ಯಾರು, ಆರು ವಾರಗಳ ನಂತರ ಸುಧಾರಣೆಯನ್ನು ಯಾವುದರಿಂದ ಅಳೆಯುತ್ತೀರಿ.